ಮೂರು ವಾರದ ಬಿಡಾರಕ್ಕೆ ಒಂದೇ ಕೋವಿ

"ಒಂದೇ ಕೋವಿ. ಹಕ್ಕಿಯೂ ಬೀಳಬೇಕು, ತೋಳವೂ ಓಡಬೇಕು, ನನ್ನ ಭುಜವೂ ಉಳಿಯಬೇಕು. ಇದೆಯಾ ನಿಮ್ಮಲ್ಲಿ?"

ದೋಹಾದ ನಮ್ಮ ಬೇಟೆ ಸಾಮಾನಿನ ಅಂಗಡಿಗೆ ಬಂದ ಆ ಕತಾರಿ ಹಿರಿಯರು ಆಡಿದ ಮೊದಲ ಮಾತೇ ಇದು. ಕೇಳಿದ್ದು ಹಿಂದಿಯಲ್ಲಿ. ಪ್ರಾಯದ ಕಾಲದಲ್ಲಿ ಮುಂಬಯಿಗೆ ಹೋಗಿ ಬಂದ ಇಲ್ಲಿನ ಹಳಬರ ಹಿಂದಿ, ಕಾರ್ಕಳದ ಕಡೆಯವನಾದ ನನ್ನ ಹಿಂದಿಗಿಂತ ಎಷ್ಟೋ ವಾಸಿ. ಮೆಸಯೀದ್ ಬಂದರಿನಲ್ಲಿ ಹಡಗುಗಳನ್ನು ದಡಕ್ಕೆ ತರುವ ಪೈಲಟ್ ಆಗಿ ನಿವೃತ್ತರಾದವರು ಅವರು. ಹಿಂದಿನ ಬೇಸಿಗೆಯಲ್ಲಿ ಬಲಭುಜದ ಆಪರೇಶನ್ ಆಗಿತ್ತು. ಹಗುರವಾದ ಕೋವಿಯಾದರೆ ಹೊಡೆಯಬಹುದು ಎಂದು ಡಾಕ್ಟರ್ ಅಪ್ಪಣೆ ಕೊಟ್ಟಿದ್ದರಂತೆ. 'ಹಗುರ' ಎಂದರೆ ಎಷ್ಟು ಎಂದು ಮಾತ್ರ ಡಾಕ್ಟರ್ ಹೇಳಿರಲಿಲ್ಲ. ಅದನ್ನು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು.

ಇಲ್ಲಿ ನನ್ನ ಕೆಲಸವೇನೆಂದು ಮೊದಲೇ ಹೇಳಿಬಿಡುತ್ತೇನೆ. ಕೋವಿಯ ಕಬ್ಬಿಣಕ್ಕೂ ನನಗೂ ಸಂಬಂಧವಿಲ್ಲ. ನಾನು ಬಡಗಿ. ಭುಜಕ್ಕೆ ಒರಗುವ ಮರದ ಭಾಗವನ್ನು, ಅಂದರೆ ಸ್ಟಾಕನ್ನು, ಕೊಳ್ಳುವವರ ಮೈಗೆ ಹೊಂದಿಸಿ ಕೊಡುವವನು. ಉದ್ದ ಹೆಚ್ಚಾದರೆ ಕೊಯ್ಯುವುದು, ಕಡಿಮೆಯಾದರೆ ಹಿಂದೆ ರಬ್ಬರ್ ಪ್ಯಾಡ್ ಕೂರಿಸುವುದು, ಕೆನ್ನೆ ಒರಗುವಲ್ಲಿ ಕೆರೆದು ನಯ ಮಾಡುವುದು. ಪರವಾನಗಿ, ಕೋವಿ, ತೋಟಾ ಎಲ್ಲ ಇಲ್ಲಿನ ಪೌರರದ್ದು. ನನ್ನ ಕೈಗೆ ಬರುವಾಗ ಅದು ಬರಿಯ ಆಕ್ರೋಟ್ ಮರ. ಇಷ್ಟು ವರ್ಷ ನೂರಾರು ಕೋವಿ ಮುಟ್ಟಿದ್ದೇನೆ, ಇವತ್ತಿನವರೆಗೂ ಒಂದು ಈಡು ಹೊಡೆದವನಲ್ಲ. ಊರಿಗೆ ಹೋದಾಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಮಾವನಂತೂ ಬಿದ್ದು ಬಿದ್ದು ನಗುತ್ತಾರೆ.

ಹಿರಿಯರ ಕತೆ ಹೀಗಿತ್ತು. ಪ್ರತಿ ಚಳಿಗಾಲ ಅಣ್ಣತಮ್ಮಂದಿರು, ಬಂಧುಗಳು ಸೇರಿ ಹನ್ನೊಂದು ಮಂದಿ ಮಧ್ಯ ಏಷ್ಯಾದ ಹಿಮದ ಬಯಲಿಗೆ ಹೋಗಿ ಮೂರು ವಾರ ಡೇರೆ ಹಾಕುತ್ತಾರೆ. ಹಗಲು ಹಕ್ಕಿ, ಮೊಲದ ಬೇಟೆ. ಕತ್ತಲಾದ ಮೇಲೆ ಅಡುಗೆಯ ವಾಸನೆಗೆ ತೋಳಗಳು ಡೇರೆಯ ಸುತ್ತ ಸುಳಿಯುತ್ತವೆ. ತಲೆಗೊಂದೇ ಕೋವಿಗೆ ಆ ದೇಶದವರು ಪರ್ಮಿಟ್ ಕೊಡುವುದು. ಹಾಗಾಗಿ ಒಂದೇ ಕೋವಿ ಎರಡೂ ಕೆಲಸ ಮಾಡಬೇಕು. ತಂಡದ ಯಜಮಾನಿಕೆ ಅವರ ಕೊನೆಯ ತಮ್ಮನದು. ಆತ ಈ ಸಲ ಒಂದು ಕಟ್ಟಳೆ ಮಾಡಿದ್ದ: ಪರ್ಮಿಟ್ಟಿಗೆ ಹೆಸರು ಕಳಿಸುವ ಮೊದಲು ಎಲ್ಲರೂ ಶೂಟಿಂಗ್ ರೇಂಜಿಗೆ ಬಂದು, ಯಂತ್ರ ಆಕಾಶಕ್ಕೆ ಎಸೆಯುವ ಹತ್ತು ಮಣ್ಣಿನ ಬಿಲ್ಲೆಗಳಲ್ಲಿ ಐದನ್ನಾದರೂ ಒಡೆಯಬೇಕು. ಒಡೆಯದವನು ಮನೆಯಲ್ಲಿ ಕೂತು ಫೋನಿನಲ್ಲಿ ಫೋಟೋ ನೋಡಬೇಕು.

"ಕಟ್ಟಳೆ ಹನ್ನೊಂದು ಜನಕ್ಕೆ, ಹೆದರಿಕೆ ನನ್ನೊಬ್ಬನಿಗೆ," ಎಂದು ಹಿರಿಯರು ನಕ್ಕರು. "ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವನಲ್ಲ ನಾನು. ಈ ಸಲ ಬಿಟ್ಟರೆ, ನನ್ನ ವಯಸ್ಸಿನಲ್ಲಿ, ಮತ್ತೆ ಹೋಗುವುದಿಲ್ಲ."

ನಗುತ್ತಲೇ ಹೇಳಿದರು. ಆದರೆ ಎಡಗೈ ಬಲಭುಜವನ್ನು ನೀವುತ್ತಿತ್ತು.

ನಮ್ಮ ಮ್ಯಾನೇಜರ್ ಪುತ್ತೂರಿನ ಕಡೆಯ ಬ್ಯಾರಿ, ಹಜ್ ಮಾಡಿ ಬಂದವರು. ನಾನು ಅವರನ್ನು ಹಾಜಿಯವ್ರೇ ಎನ್ನುತ್ತೇನೆ. ಮಾರಾಟದಲ್ಲಿ ಎತ್ತಿದ ಕೈ. ಅವರು ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಮೊದಲಿಗೆ ಇಟ್ಟದ್ದು ದೊಡ್ಡದೊಂದು ರೈಫಲ್. ದುರ್ಬೀನು ಬೇರೆ. ತೋಳವೇನು, ಕರಡಿ ಬಂದರೂ ಮಲಗಬೇಕು. ಹಿರಿಯರ ಕಣ್ಣು ಅರಳಿತು. ನಾನು ಒಳಕೋಣೆಯ ಬಾಗಿಲಲ್ಲೇ ನಿಂತಿದ್ದೆ. ತಡೆಯಲಾಗಲಿಲ್ಲ.

"ಹಾಜಿಯವ್ರೇ, ಅದರಲ್ಲಿ ಹಾರುವ ಹಕ್ಕಿ ಹೇಗೆ ಹೊಡೀಲಿಕ್ಕಾಗ್ತದೆ? ಒಂದು ಗುಂಡು, ಒಂದು ತೂತು. ಸಣ್ಣ ಸಣ್ಣ ಚರೆಗುಂಡು ಹರಡಿ ಹಾರುವ ಕೋವಿ ಬೇಕಲ್ವಾ?"

"ನಿಂದು ಮರದ ಕೆಲಸ, ನಂದು ಮಾತಿನ ಕೆಲಸ. ನೀನು ಸುಮ್ನಿರು ಮಾರಾಯ," ಎಂದರು ಮೆಲ್ಲಗೆ. ಆದರೆ ಅವರೇನೂ ಮೋಸದ ಮನುಷ್ಯರಲ್ಲ. ರೈಫಲನ್ನು ಪಕ್ಕಕ್ಕೆ ಸರಿಸಿ ಇನ್ನೆರಡು ತಂದಿಟ್ಟರು.

ಒಂದು, ಐದು ತೋಟಾ ಹಿಡಿಯುವ ಹನ್ನೆರಡು ಬೋರಿನ ಆಟೋಮ್ಯಾಟಿಕ್. ಇನ್ನೊಂದು, ಒಂದರ ಮೇಲೊಂದು ನಳಿಗೆಯಿರುವ ಇಪ್ಪತ್ತು ಬೋರಿನ ತೆಳ್ಳಗಿನ ಕೋವಿ. ಬೋರ್ ಅಂದರೆ ನಳಿಗೆಯ ಅಗಲ. ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣ, ಹೊಡೆತವೂ ಸಣ್ಣ. ನಾನು ಗೋಡೆಯ ಮೇಲೆ ನಾಣ್ಯದಷ್ಟು ದೊಡ್ಡ ಸ್ಟಿಕರ್ ಒಂದನ್ನು ಅಂಟಿಸಿದೆ. ಕೋವಿ ಖಾಲಿಯೆಂದು ಮೂರು ಮಂದಿ ಮೂರು ಸಲ ನೋಡಿದೆವು. ಪ್ರತಿ ಕೋವಿಯನ್ನೂ ಹತ್ತು ಸಲ ಭುಜಕ್ಕೆ ಎತ್ತಿ ಸ್ಟಿಕರಿಗೆ ಹಿಡಿಯಿರಿ ಎಂದೆ. ಹತ್ತನೆಯ ಸಲ ನಳಿಗೆಯ ತುದಿ ಎಷ್ಟು ಕೆಳಗೆ ಜಾರಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಆಟೋಮ್ಯಾಟಿಕ್ಕಿನ ಗೆರೆ ಒಂದು ಗೇಣು ಕೆಳಗಿತ್ತು. ತೆಳ್ಳಗಿನ ಕೋವಿಯದು ಬೆರಳಗಲ. ರೈಫಲನ್ನು ಅವರು ಏಳನೆಯ ಸಲಕ್ಕೇ ಕೆಳಗಿಟ್ಟು, "ಇದನ್ನು ನನ್ನ ತಮ್ಮನಿಗೆ ಮಾರಿ," ಎಂದರು.

"ಆದರೆ ತೋಳ ಬಂದರೆ ಎರಡೇ ಈಡು ಸಾಕೇ?" ಎಂದು ಮತ್ತೆ ಆಟೋಮ್ಯಾಟಿಕ್ಕಿನ ಕಡೆ ನೋಡಿದರು.

"ಇಷ್ಟು ವರ್ಷದಲ್ಲಿ ತೋಳಕ್ಕೆ ಎಷ್ಟು ಈಡು ಹೊಡೆದಿದ್ದೀರಿ, ಬಾಬಾ?" ಎಂದು ಕೇಳಿದೆ.

ಅವರು ಗಡ್ಡ ಸವರಿಕೊಂಡರು. "ಒಂದೂ ಇಲ್ಲ. ಬ್ಯಾಟರಿ ಬೆಳಕು ಬಿಟ್ಟರೆ ಓಡುತ್ತವೆ. ಹೆಚ್ಚೆಂದರೆ ಆಕಾಶಕ್ಕೊಂದು. ಬಿಡಾರದಲ್ಲಿ ಕೋವಿಗೆ ಬಲಿಯಾದದ್ದು ಒಂದೇ ಒಂದು. ನಮ್ಮ ಕಾಫಿ ಕೂಜೆ! ನನ್ನ ತಮ್ಮ ಅವನ ಆಟೋಮ್ಯಾಟಿಕ್ ಖಾಲಿಯಾಗಿದೆ ಎಂದುಕೊಂಡು ಒರೆಸುತ್ತಿದ್ದ. ಒಳಗೊಂದು ತೋಟಾ ಉಳಿದಿತ್ತು." ಹೇಳುತ್ತಾ ಹೇಳುತ್ತಾ ಅವರಿಗೆ ನಗು ಉಕ್ಕಿ ಬಂದು ಕುರ್ಚಿ ಹಿಡಿದು ಕೂರಬೇಕಾಯಿತು. ತಮ್ಮ ಅದನ್ನು ಇಂದಿಗೂ ಒಪ್ಪುವುದಿಲ್ಲವಂತೆ, ಕೂಜೆ ಹಳೆಯದಾಗಿತ್ತು ಎನ್ನುತ್ತಾನಂತೆ.

ನನಗೆ ಬೇಕಾದ ಮಾತು ಅವರ ಬಾಯಿಂದಲೇ ಬಂದಿತ್ತು. ಎರಡು ನಳಿಗೆಯ ಕೋವಿಯನ್ನು ನಡುವೆ ಮಡಚಿ ತೆರೆದು ತೊಡೆಯ ಮೇಲೆ ಇಟ್ಟುಕೊಂಡೆ. "ಹೀಗೆ ಇಟ್ಟುಕೊಂಡು ಬೆಂಕಿಯ ಪಕ್ಕ ಕೂತರೆ ಆಚೆ ಬದಿಯಲ್ಲಿ ಚಹಾ ಕುಡಿಯುವವನಿಗೂ ಖಾಲಿಯೆಂದು ಕಾಣುತ್ತದೆ. ಬೇಕಾದಾಗ ಎರಡು ತೋಟಾ ಹಾಕಿ ಮುಚ್ಚಲು ಒಂದು ಉಸಿರು ಸಾಕು. ಹಗಲು ಎರಡಕ್ಕೂ ಸಣ್ಣ ಚರೆ. ಕತ್ತಲಿಗೆ ಮೇಲಿನ ನಳಿಗೆಗೆ ದಪ್ಪ ಚರೆ. ಯಾವ ನಳಿಗೆ ಮೊದಲೆಂದು ಆರಿಸುವ ಗುಂಡಿ ಇಲ್ಲಿದೆ. ಚಳಿಗೆ ಎಣ್ಣೆ ಗಟ್ಟಿಯಾಗಿ ಸಿಕ್ಕಿಕೊಳ್ಳುವ ಸ್ಪ್ರಿಂಗೂ ಇದರಲ್ಲಿ ಕಡಿಮೆ." ಹನ್ನೊಂದು ಜನ ಮಲಗುವ ಬಿಡಾರದಲ್ಲಿ ತೋಳಕ್ಕಿಂತ ಹೆಚ್ಚು ಹೆದರಬೇಕಾದದ್ದು ತೋಟಾ ಇದೆಯೆಂದು ಮರೆತ ಕೋವಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಜಿಯವರೂ ತಲೆಯಾಡಿಸಿದರು. ಅಲ್ಲಿಗೆ ಕೋವಿ ಯಾವುದೆಂಬುದು ತೀರ್ಮಾನವಾಯಿತು.

ಇನ್ನು ನನ್ನ ಕೆಲಸ. ಹಿರಿಯರ ಮೊಣಕೈ ಮಡಿಸಿ, ಮಡಿಕೆಯಿಂದ ಬೆರಳಿನವರೆಗೆ ಟೇಪು ಹಿಡಿದೆ. ಪ್ಯಾಡೂ ಸೇರಿ ಸ್ಟಾಕ್ ಹದಿನಾಲ್ಕೂವರೆ ಇಂಚು ಇರಬೇಕು. ಭುಜದ ಮೇಲೆ ಕನಿಕರ ಬಂದು, ಸಾಮಾನ್ಯವಾಗಿ ಹಾಕುವ ಅರ್ಧ ಇಂಚಿನ ಪ್ಯಾಡ್ ಬಿಟ್ಟು, ಒಂದಿಂಚು ದಪ್ಪದ ಮೆತ್ತಗಿನ ರಬ್ಬರ್ ಪ್ಯಾಡ್ ಕೂರಿಸಿದೆ. ಒಟ್ಟು ಹದಿನೈದು ಆಯಿತು. ಅಂಗಡಿಯ ಎ.ಸಿ.ಯಲ್ಲಿ, ಥೋಬ್ ಎಂಬ ಇಲ್ಲಿನವರ ತೆಳ್ಳಗಿನ ಬಿಳಿ ಉದ್ದಂಗಿ ತೊಟ್ಟು ಅವರು ಮೂವತ್ತು ಸಲ ಎತ್ತಿ ನೋಡಿದರು. ಮೂವತ್ತು ಸಲವೂ ಅಚ್ಚಿನಲ್ಲಿ ಕೂರಿಸಿದ ಹಾಗೆ ಕೂತಿತು. ಡಿಸೆಂಬರಿನ ಒಂದು ಮಧ್ಯಾಹ್ನ ಅಭ್ಯಾಸಕ್ಕೆಂದು ರೇಂಜಿಗೆ ಹೋಗಿ ಹತ್ತಕ್ಕೆ ಏಳು ಒಡೆದು ಸೀದಾ ಅಂಗಡಿಗೆ ಬಂದು, ನನ್ನ ಎರಡೂ ಕೈಗೆ ಖರ್ಜೂರದ ಡಬ್ಬ ತುರುಕಿ, "ಯಾ ನಜ್ಜಾರ್!" ಎಂದು ಬೆನ್ನು ತಟ್ಟಿದರು. ನಜ್ಜಾರ್ ಎಂದರೆ ಬಡಗಿ. ಅಂದಿನಿಂದ ನನಗೆ ಅದೇ ಹೆಸರಾಯಿತು. ಆ ರಾತ್ರಿ ಮದೀನತ್ ಖಲೀಫಾದ ನಮ್ಮ ಪುಟ್ಟ ಮನೆಯಲ್ಲಿ ಖರ್ಜೂರ ತಿನ್ನುತ್ತಾ ಹೆಂಡತಿಯ ಮುಂದೆ ನಾನು ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಪರೀಕ್ಷೆ ಬಂದದ್ದು ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ. ಹಿರಿಯರು ನೀನೂ ಬಾ ಎಂದಿದ್ದರು. ಹಾಜಿಯವರ ಕಾರಿನಲ್ಲಿ ನನ್ನ ಸಾಮಾನಿನ ಪೆಟ್ಟಿಗೆ ಹಾಕಿಕೊಂಡು ಹೋದೆವು. ಉತ್ತರದ ಶಮಾಲ್ ಗಾಳಿ ಎದ್ದಿತ್ತು. ಕರಾವಳಿಯವನಾದ ನನಗೆ ಚಳಿ ಎಂದರೆ ಡಿಸೆಂಬರಿನಲ್ಲಿ ಫ್ಯಾನಿನ ವೇಗ ಒಂದು ಪಾಯಿಂಟ್ ಇಳಿಸುವುದು. ಅಂದು ಹಲ್ಲು ಕಟಕಟ ಎನ್ನುತ್ತಿತ್ತು. ವಾರದ ರಜೆಗೆ ಇಲ್ಲಿಯ ಮರುಭೂಮಿಯಲ್ಲಿ ಹಾಕಿದ್ದ ಡೇರೆಯಿಂದ ನೇರ ಬಂದ ಹನ್ನೊಂದು ಮಂದಿ ಗಾಡಿಗಳಿಂದ ಇಳಿದರು. ನೋಡಿದರೆ ಎಲ್ಲರೂ ಫರ್ವಾ ತೊಟ್ಟಿದ್ದಾರೆ. ಫರ್ವಾ ಎಂದರೆ ಒಳಗೆ ಕುರಿಯುಣ್ಣೆ ತುಂಬಿದ, ಕಾಲಿನವರೆಗೆ ಇಳಿಯುವ ಚಳಿಗಾಲದ ನಿಲುವಂಗಿ. ಕತಾರಿಗೆ ಬಂದು ಇಷ್ಟು ವರ್ಷ ಅದನ್ನು ನೋಡಿದ್ದೇನೆ. ಆದರೆ ನನ್ನ ಟೇಪಿಗೂ ಅದಕ್ಕೂ ಸಂಬಂಧವಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಹಿರಿಯರ ಸರದಿ ಬಂತು. ಮೊದಲ ಬಿಲ್ಲೆ ಹಾರಿತು. ಅವರು ಕೋವಿ ಎತ್ತುವಷ್ಟರಲ್ಲಿ ಅದು ದೂರ ಹೋಗಿ ಬಿತ್ತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಹೊಡೆದರು, ಮೋಡಕ್ಕೆ ತಾಗಿರಬೇಕು. ಹತ್ತು ಮುಗಿಯುವಾಗ ಒಡೆದದ್ದು ಒಂದು.

"ಖಲಾಸ್," ಎಂದ ತಮ್ಮ. ಗಟ್ಟಿಯಾಗಿ ಹೇಳಲಿಲ್ಲ. ಆದರೆ ಎಲ್ಲರೂ ಕೇಳಿಸಿಕೊಂಡರು.

"ಫರ್ವಾ ತೆಗೆದು ಹೊಡೆಯಲಿ," ಎಂದು ಹಾಜಿಯವರು ಅರಬಿಯಲ್ಲಿ ಕೇಳಿಕೊಂಡರು.

"ಅಲ್ಲಿ ನೀರು ಕಲ್ಲಾಗುತ್ತದೆ. ಫರ್ವಾ ಬಿಚ್ಚುವವರೆಗೆ ತೋಳ ಕಾಯುತ್ತದೆಯೇ?" ಎಂದ ತಮ್ಮ. ಮಾತು ಸರಿಯಾಗಿಯೇ ಇತ್ತು. ಮತ್ತೆ ಅಣ್ಣನ ಮುಖ ನೋಡಿ, "ಉಳಿದವರದ್ದೆಲ್ಲ ಮುಗಿಯಲಿ. ಕೊನೆಗೆ ಇನ್ನೊಮ್ಮೆ. ಅದೇ ಕೊನೆ," ಎಂದ.

ಹಿರಿಯರು ಹೋಗಿ ಬೆಂಚಿನ ಮೇಲೆ ಕುಳಿತರು. "ಕೋವಿ ಚೆನ್ನಾಗಿದೆ, ನಜ್ಜಾರ್. ನಾನು ಮುದುಕನಾದೆ," ಎಂದರು. ನನಗೆ ಅಳು ಬರುವ ಹಾಗಾಯಿತು. ಡಿಸೆಂಬರಿನಲ್ಲಿ ಏಳು ಒಡೆದವರು ನಾಲ್ಕು ವಾರದಲ್ಲಿ ಮುದುಕರಾಗುವುದು ಹೇಗೆ?

ರೇಂಜಿನ ಅಧಿಕಾರಿ ಕೋವಿ ತೆರೆದು ಖಾಲಿಯೆಂದು ತೋರಿಸಿ ಮೇಜಿನ ಮೇಲೆ ಇಟ್ಟರು. ನಾನು ಬಗ್ಗಿ ಸ್ಟಾಕ್ ನೋಡಿದೆ. ರಬ್ಬರ್ ಪ್ಯಾಡಿನ ಮೇಲ್ಮೂಲೆಯಲ್ಲಿ ಏನೋ ಅಂಟಿಕೊಂಡಿತ್ತು. ಬೆರಳಲ್ಲಿ ಕಿತ್ತೆ. ಕಂದು ಬಣ್ಣದ ಒಂದು ಚಿಟಿಕೆ ಕುರಿಯುಣ್ಣೆ.

ಒಮ್ಮೆಗೇ ಎಲ್ಲ ಬಿಡಿಸಿದ ಹಾಗೆ ಕಂಡಿತು. ಎತ್ತುವಾಗೆಲ್ಲ ಆ ಪ್ಯಾಡು ಕಂಕುಳ ಹತ್ತಿರ ಫರ್ವಾದ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಭುಜಕ್ಕೆ ಬಂದರೂ ದಪ್ಪ ಬಟ್ಟೆಯಿಂದಾಗಿ ಕೋವಿ ಮುಂದೆ ಹೋಗಿ, ಕೆನ್ನೆ ಕೂರಬೇಕಾದ ಜಾಗದಲ್ಲಿ ಕೂರುತ್ತಿರಲಿಲ್ಲ. ಹಿಮದ ಬಯಲಿಗೆ ಹೋಗುವ ಮನುಷ್ಯನ ಅಳತೆಯನ್ನು ನಾನು ಎ.ಸಿ. ಕೋಣೆಯಲ್ಲಿ ಥೋಬಿನ ಮೇಲೆ ತೆಗೆದಿದ್ದೆ! ಸಾಲದ್ದಕ್ಕೆ ಕನಿಕರ ಎಂದು ಅರ್ಧ ಇಂಚು ಹೆಚ್ಚೇ ಸೇರಿಸಿದ್ದೆ. ಕೋಟು ಎಂದರೆ ಮದುವೆಯ ದಿನ ಮಾತ್ರ ಹಾಕುವ ಊರಿನಿಂದ ಬಂದ ಬಡಗಿ ಇನ್ನೇನು ಮಾಡುತ್ತಾನೆ? ಹಣೆ ಚಚ್ಚಿಕೊಳ್ಳಬೇಕೆನಿಸಿತು. ಆದರೆ ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ತಪ್ಪು ನನ್ನದು, ಅವರ ಭುಜದ್ದಲ್ಲ. ನನ್ನ ತಪ್ಪಾದರೆ ನಾನು ಸರಿ ಮಾಡಬಲ್ಲೆ.

ಓಡಿಹೋಗಿ ಫರ್ವಾದ ಭುಜವನ್ನು ಬೆರಳಿನಿಂದ ಒತ್ತಿ ಅಳೆದೆ. ಒಂದಿಂಚಿಗೂ ಮೇಲೆ. ಪ್ಯಾಡ್ ಬಿಚ್ಚಿದರೆ ಒಂದು ಇಂಚು ಹೋಗುತ್ತದೆ, ಸಾಲದು. ಇನ್ನೂ ಮುಕ್ಕಾಲು ಇಂಚು ಮರವನ್ನೇ ಕೊಯ್ಯಬೇಕು.

"ಹಾಜಿಯವ್ರೇ, ಗರಗಸ ಕೊಡಿ."

"ನಿಂಗೆ ಮಂಡೆ ಸರಿ ಉಂಟಾ? ಇಲ್ಲಿಯಾ? ಕೊಯ್ದ ಮರ ಮತ್ತೆ ಬೆಳೀತದಾ ಮಾರಾಯ? ಅಂಗಡಿಗೆ ಹೋಗಿ ನಿಧಾನಕ್ಕೆ ಮಾಡುವ."

"ಅಂಗಡಿಗೆ ಹೋಗಿ ಬರುವಾಗ ಇವರ ಪರ್ಮಿಟ್ಟಿನ ಪಟ್ಟಿ ಹೋಗಿ ಆಗ್ತದೆ."

"ಪ್ಯಾಡ್ ಇಲ್ಲದಿದ್ರೆ ಆಪರೇಶನ್ ಆದ ಭುಜಕ್ಕೆ ಬಡಿಯುದಿಲ್ವಾ?"

ಅದು ನಿಜವಾದ ಪ್ರಶ್ನೆ. ನಾನು ಹಿರಿಯರ ಅಪ್ಪಣೆ ಕೇಳಿ, ಫರ್ವಾದ ಮೇಲಿನಿಂದ ಅವರ ಬಲಭುಜಕ್ಕೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿದೆ. ಆಮೇಲೆ ಸ್ವಲ್ಪ ಜೋರಾಗಿ. "ನೋವಾಯಿತೇ ಬಾಬಾ?"

"ನೊಣ ಕೂತಿತೋ ಏನೋ," ಎಂದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಹಲ್ಲು ಕಂಡಿತು. ರಬ್ಬರಿಗಿಂತ ಒಳ್ಳೆಯ ಮೆತ್ತೆಯನ್ನು ಅವರು ಮೈಮೇಲೆಯೇ ಹೊತ್ತುಕೊಂಡು ಬಂದಿದ್ದರು. ಕೊಯ್ಯಲೇ ಎಂದು ಮತ್ತೆ ಕೇಳಿದೆ. ಒಮ್ಮೆ ಕೊಯ್ದರೆ ಕೊಯ್ದಂತೆ ಎಂದೂ ಹೇಳಿದೆ.

"ನನ್ನ ಭುಜ ಕೊಯ್ದ ಡಾಕ್ಟರ್ ಕೂಡ ಇಷ್ಟು ಸಲ ಕೇಳಲಿಲ್ಲ. ಯಲ್ಲಾ, ಕೊಯ್ಯಿ!"

ರೇಂಜಿನ ಅಧಿಕಾರಿ ನಳಿಗೆಗಳನ್ನು ಕಳಚಿ ತಮ್ಮ ಬಳಿ ಇಟ್ಟುಕೊಂಡು ಉಳಿದದ್ದನ್ನು ನನ್ನ ಮುಂದೆ ಬಿಟ್ಟರು. ಪ್ಯಾಡಿನ ಎರಡು ಸ್ಕ್ರೂ ಬಿಚ್ಚಿದೆ. ಒಳಗಿನ ಉದ್ದ ಬೋಲ್ಟಿಗೆ ಗರಗಸ ತಾಗದೆಂದು ಕಡ್ಡಿ ಹಾಕಿ ನೋಡಿದೆ. ಸ್ಟಾಕಿನ ಸುತ್ತ ಅಂಟುಪಟ್ಟಿ ಸುತ್ತಿ, ಹಳೆಯ ಅಂಚಿನ ಓರೆಯನ್ನೇ ಅನುಸರಿಸಿ ಗೆರೆ ಹಾಕಿದೆ. ಗೆರೆ ಎರಡು ಸಲ ಅಳಿಸಿ ಮೂರನೆಯ ಸಲ ಹಾಕಿದೆ. ಹಾಜಿಯವರು ಮರವನ್ನು ಮೇಜಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡರು. ಅವರ ತುಟಿ ಆಡುತ್ತಿತ್ತು. ನಾನೂ ಒಳಗೊಳಗೇ ಮೇರಿಮಾತೆಯನ್ನು ನೆನೆದೆ. ಗರಗಸ ಇಟ್ಟ ಮೇಲೆ ಮಾತ್ರ ಹೆದರಿಕೆ ಹೋಯಿತು. ಮರ ಮರವೇ ಅಲ್ಲವೇ? ಒಳ್ಳೆಯ ಆಕ್ರೋಟ್, ಬೆಣ್ಣೆಯ ಹಾಗೆ ಕೊಯ್ಯಿಸಿಕೊಂಡಿತು. ತುಂಡು ಕೆಳಗೆ ಬಿದ್ದಾಗ ಹಾಜಿಯವರು ಕಣ್ಣು ಬಿಟ್ಟು, "ಆಯ್ತಾ? ನನ್ನ ಬೆರಳು ಎಲ್ಲ ಉಂಟಾ?" ಎಂದರು.

ಮೂಲೆಗಳನ್ನು ಅರದಿಂದ ದುಂಡಗೆ ಮಾಡಿ, ಮರಳು ಕಾಗದ ಎಳೆದೆ. ಹೊಸ ಕೊಯ್ತದ ಮರ ಉಣ್ಣೆಗೆ ತೊಡರಬಾರದಲ್ಲ? ಪಾಲಿಶ್ ಒಣಗಲು ಹೊತ್ತಿಲ್ಲ. ಪೆಟ್ಟಿಗೆಯಲ್ಲಿದ್ದ ಕಂದು ಪ್ಯಾಕಿಂಗ್ ಟೇಪನ್ನೇ ಎರಡು ಸುತ್ತು ನುಣ್ಣಗೆ ಅಂಟಿಸಿಬಿಟ್ಟೆ. ಅಷ್ಟು ಚೆಂದದ ಕೋವಿ ಊರಿಗೆ ಕಳಿಸುವ ಪಾರ್ಸೆಲ್ಲಿನಂತೆ ಕಾಣುತ್ತಿತ್ತು. ಯಾರೋ ಹಿಂದಿನಿಂದ, ಇದನ್ನು ಯಾವ ವಿಳಾಸಕ್ಕೆ ಕಳಿಸುತ್ತೀರಿ ಎಂದು ಕೇಳಿದರು. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ.

ಅಧಿಕಾರಿ ನಳಿಗೆ ಜೋಡಿಸಿ ಕೊಟ್ಟರು, ಹಿರಿಯರು ನಿಂತರು. ಗಾಳಿಗೆ ಕೆನ್ನೆಗೆ ಬಡಿಯುತ್ತಿದ್ದ ತಲೆವಸ್ತ್ರದ ತುದಿಯನ್ನು ಹಿಂದಕ್ಕೆ ಸಿಕ್ಕಿಸಿಕೊಂಡರು. ಮೊದಲನೆಯ ಬಿಲ್ಲೆ ತಪ್ಪಿತು. ಆದರೆ ನಾನು ಬಿಲ್ಲೆಯನ್ನು ನೋಡುತ್ತಿರಲಿಲ್ಲ, ಭುಜವನ್ನು ನೋಡುತ್ತಿದ್ದೆ. ಕೋವಿ ಎಲ್ಲೂ ತೊಡರದೆ ಫರ್ವಾದ ಮೇಲೆ ಜಾರಿ, ಬರಬೇಕಾದಲ್ಲಿಗೆ ಬಂದು ಕೂತಿತ್ತು. "ಬಂತು, ಬಂತು," ಎಂದು ಹಾಜಿಯವರ ತೋಳು ಚಿವುಟಿದೆ. ಎರಡನೆಯದು ಕಿತ್ತಳೆ ಬಣ್ಣದ ಹುಡಿಯಾಗಿ ಉದುರಿತು. ಮೂರನೆಯದೂ. ನಾಲ್ಕು ತಪ್ಪಿತು. ಐದು, ಆರು, ಏಳು, ಸಾಲಾಗಿ ಪುಡಿ ಪುಡಿ! ನಾನೂ ಹಾಜಿಯವರೂ ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುತ್ತಿದ್ದೆವು, ವಯಸ್ಸಿಗೆ ಮರ್ಯಾದೆಯೇ ಇಲ್ಲದೆ. ಐದು ಆಯಿತು, ಸಾಕು ಎಂದು ಯಾರೋ ಕೂಗಿದರು. ಹಿರಿಯರು ಕೇಳಿಸಿಕೊಳ್ಳಲಿಲ್ಲ. ಉಳಿದ ಮೂರರಲ್ಲಿ ಇನ್ನೆರಡು ಒಡೆದು, ಕೋವಿ ಮಡಚಿ ತೆರೆದು, ಖಾಲಿ ನಳಿಗೆಗಳನ್ನು ತಮ್ಮನ ಕಡೆ ಹಿಡಿದು ತೋರಿಸಿದರು.

"ಕಾಫಿ ಕೂಜೆ ಇನ್ನು ಬದುಕಿಕೊಂಡಿತು," ಎಂದರು.

ತಮ್ಮ ಸರಕ್ಕನೆ ಆ ಕಡೆ ತಿರುಗಿದ. ಗಾಡಿಯ ಬಾನೆಟ್ಟಿನ ಮೇಲೆ ಕಲ್ಲಿಟ್ಟು ಒತ್ತಿದ್ದ ಪಟ್ಟಿಯ ಹತ್ತಿರ ಹೋಗಿ ನಿಂತ. ಪರ್ಮಿಟ್ಟಿಗೆ ಹೋಗುವ ಹಾಳೆ ಅದು: ಹೆಸರು, ಕೋವಿಯ ನಂಬರು, ಬೋರು, ಒಟ್ಟು ಉದ್ದ. ನಾವೂ ಹತ್ತಿರ ಹೋದೆವು. ನನಗೆ ಅರಬಿ ಓದಲು ಬರುವುದಿಲ್ಲ, ಅಂಕಿ ಮಾತ್ರ ಬರುತ್ತದೆ. ಹತ್ತು ಹೆಸರುಗಳಿದ್ದವು. ಎರಡರಿಂದ ಹನ್ನೊಂದರವರೆಗೆ. ಒಂದನೆಯ ಸಾಲು ಖಾಲಿ.

ಹಿರಿಯರೂ ಅದನ್ನೇ ನೋಡುತ್ತಿದ್ದರು. "ಇದು ಯಾವಾಗಿನಿಂದ ಖಾಲಿ?" ಎಂದು ಕೇಳಿದರು.

"ಬರೆದ ದಿನದಿಂದ," ಎಂದ ತಮ್ಮ. "ಕೆಳಗೆ ಎಲ್ಲಾದರೂ ನಿನ್ನ ಹೆಸರು ಬರೆಯಲು ನನ್ನಿಂದ ಆಗುತ್ತದೆಯೇ, ಅಣ್ಣ?" ಅವನು ಫರ್ವಾದ ತೋಳಿನಿಂದ ಕಣ್ಣು ಒರೆಸಿಕೊಂಡು, ಗಾಳಿಯಲ್ಲಿ ಮರಳಿದೆ ಎಂದ. ಹಿರಿಯರು ಅವನ ತಲೆಯನ್ನು ಹತ್ತಿರ ಎಳೆದು ಹಣೆಗೆ ಮುತ್ತಿಟ್ಟರು. ಆಮೇಲೆ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ಹೆಸರು ಬರೆದರು. ನಂಬರು ಬರೆದರು. ಬೋರು ಬರೆದರು. ಕೊನೆಯ ಖಾನೆಗೆ ಬಂದು ನಿಂತರು.

"ಉದ್ದ ಎಷ್ಟು, ನಜ್ಜಾರ್? ಹಳೆಯದು ಈಗ ನಡೆಯುವುದಿಲ್ಲವಲ್ಲ."

ನಾನು ಕೋವಿಯ ಮಗ್ಗುಲಿಗೆ ಟೇಪು ಹಿಡಿದೆ. ಮೊದಲ ಸಲ ಅಂಕಿಯೇ ಕಾಣಲಿಲ್ಲ, ಕಣ್ಣೆಲ್ಲ ಮಂಜಾಗಿತ್ತು. ಮರಳೆಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅಂಗಿಯ ತುದಿಯಿಂದ ಒರೆಸಿಕೊಂಡು ಎರಡನೆಯ ಸಲ ಅಳೆದು ಹೇಳಿದೆ, ಅವರು ಬರೆದುಕೊಂಡರು.